ಆರ್‌ವಿ-7 ವಿಮಾನದ ಬಣ್ಣದಲ್ಲಿ ಮೀನುಕಣ್ಣು, ರಿವೆಟ್ ಸುತ್ತ ಗುಳ್ಳೆ: ಉಜ್ಜಿ ಸರಿಪಡಿಸಬಹುದೇ, ಕೆರೆದೇ ತೆಗೆಯಬೇಕೇ?

ಪ್ರಶ್ನೆ
ಗಾಳಿಪಟ (ಆಸ್ಟಿನ್ ಹತ್ತಿರ, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಸಂಜೆಯ ಹೊತ್ತು ಮತ್ತು ರಜೆಯ ದಿನಗಳಲ್ಲಿ ಕಟ್ಟಿಕೊಂಡು ಬಂದಿರುವ ನನ್ನ ವ್ಯಾನ್ಸ್ ಆರ್‌ವಿ-7 ವಿಮಾನ ಈಗ ಬಣ್ಣದ ಹಂತದಲ್ಲಿ ಸಿಕ್ಕಿಕೊಂಡಿದೆ. ಇದು ಎರಡು ಆಸನದ ಕಿಟ್ ವಿಮಾನ. ಹೊರಮೈಯೆಲ್ಲ 2024-ಟಿ3 ಆಲ್‌ಕ್ಲಾಡ್ ಅಲ್ಯೂಮಿನಿಯಂ ತಗಡು. ಎಂಜಿನ್ ಮುಚ್ಚುವ ಕೌಲಿಂಗ್ ಹಾಗೂ ರೆಕ್ಕೆ, ಬಾಲಗಳ ತುದಿಗಳು ಮಾತ್ರ ಫೈಬರ್‌ಗ್ಲಾಸ್. ಪೇಂಟ್ ಶಾಪ್‌ನವರು ಹೇಳಿದ ಮೊತ್ತ ಕೇಳಿದ ಮೇಲೆ, ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ ಹೊಡೆದವನಿಗೆ ಬಣ್ಣ ಹೊಡೆಯಲು ಬಾರದೇ ಎಂಬ ಹುಂಬ ಧೈರ್ಯದಲ್ಲಿ ನಾನೇ ಗನ್ ಹಿಡಿದೆ. ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ.

ಇದುವರೆಗೆ ಬಾಲದ ಭಾಗಗಳು, ಎರಡು ಎಲಿವೇಟರ್‌ಗಳು (ಮೂತಿ ಏರಿಸಿ ಇಳಿಸಲು ಬಾಲದಲ್ಲಿರುವ ಅಲುಗಾಡುವ ಫಲಕಗಳು), ಎಡರೆಕ್ಕೆ ಮತ್ತು ಕೌಲಿಂಗ್‌ಗೆ ಬಣ್ಣವಾಗಿದೆ. ತಗಡನ್ನು ಮರೂನ್ ಬಣ್ಣದ ಸ್ಕಾಚ್-ಬ್ರೈಟ್‌ನಿಂದ ಸೋಪಿನ ನೀರು ಹಾಕಿ ಉಜ್ಜಿ, ತೊಳೆದು, ಒರೆಸಿ, ಕೊನೆಗೆ ಬಟ್ಟೆಯಲ್ಲಿ ಅಸಿಟೋನ್ ಅದ್ದಿ ಒಂದು ಬಾರಿ ಒರೆಸಿದೆ. ಅದೇ ಸಂಜೆ ಬಣ್ಣ ತಗಡಿಗೆ ಹಿಡಿಯಲೆಂದು ಅಡಿಪದರವಾಗಿ ಎರಡು ಪದರ ಎಪಾಕ್ಸಿ ಪ್ರೈಮರ್, ಮರುದಿನ ಬೆಳಿಗ್ಗೆ ಎರಡು ಪ್ಯಾಕ್‌ನ ಬಿಳಿ ಪಾಲಿಯುರಿಥೇನ್. ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡದ) ಗನ್, 1.3 ಮಿ.ಮೀ. ತುದಿ. ಕಂಪ್ರೆಸರ್ ಹ್ಯಾಂಗರಿನದು, ಹಳೆಯದು. ಅದರ ಬಾಯಲ್ಲೇ ಒಂದು ನೀರಿನ ಫಿಲ್ಟರ್ ಇದೆ. ಮೇ ತಿಂಗಳಿನಲ್ಲಿ ಇಲ್ಲಿ ಹಗಲು 32, 33 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬೆಳಗಿನ ಹೊತ್ತು ಗಾಳಿ ಹಸಿ ಬಟ್ಟೆಯಂತಿರುತ್ತದೆ.

ತೊಂದರೆಗಳು ಒಂದೆರಡಲ್ಲ. ಎಡರೆಕ್ಕೆಯ ಮೇಲ್ಮೈಯಲ್ಲಿ, ಮುಖ್ಯವಾಗಿ ಇಂಧನದ ಟ್ಯಾಂಕ್ ಇರುವ ಮುಂಭಾಗದಲ್ಲಿ, ಬಣ್ಣ ಬಿದ್ದ ಕ್ಷಣದಲ್ಲೇ ಸಾಸಿವೆ ಗಾತ್ರದ ಗುಂಡಿಗಳು ತೆರೆದುಕೊಂಡವು. ಸುತ್ತ ದಿಂಡು, ನಡುವೆ ಪ್ರೈಮರ್ ಕಾಣುವ ಗುಂಡಿ. ಮೀನುಕಣ್ಣು ಎಂದು ಹೇಳುವುದು ಇದನ್ನೇ ಎಂದುಕೊಂಡಿದ್ದೇನೆ. ಎಲಿವೇಟರ್‌ಗಳ ಮೈ ಕಿತ್ತಳೆ ಸಿಪ್ಪೆಯಂತಾಯಿತು, ಆದ್ದರಿಂದ ಅವುಗಳ ಮೇಲೆ ಇನ್ನೂ ಎರಡು ಪದರ ಹೊಡೆದೆ. ಸಿಪ್ಪೆ ದಪ್ಪವಾಯಿತೇ ಹೊರತು ಹೋಗಲಿಲ್ಲ. ಕೌಲಿಂಗ್ ಮೇಲೆ ಸೂಜಿಯಿಂದ ಚುಚ್ಚಿದಂಥ ರಂಧ್ರಗಳು. ಇವೆಲ್ಲಕ್ಕಿಂತ ನನ್ನ ನಿದ್ದೆ ಕೆಡಿಸಿರುವುದು ಬೇರೆಯದೇ: ಮೂರು ವಾರಗಳ ನಂತರ ರೆಕ್ಕೆಯನ್ನು ಬಿಸಿಲಿಗೆ ತಂದು ನಿಲ್ಲಿಸಿದಾಗ, ತಗಡಿನ ಮೇಲೆ ತಗಡು ಕೂರುವ ಜೋಡಣೆಯ ಉದ್ದಕ್ಕೂ ರಿವೆಟ್ ತಲೆಗಳ ಅಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಒಂದನ್ನು ಉಗುರಿನಿಂದ ಒತ್ತಿ ನೋಡಿದೆ. ಬಿಳಿ ಬಣ್ಣ, ಅದರಡಿಯ ಹಸಿರು ಪ್ರೈಮರ್ ಎರಡೂ ಒಂದೇ ಸಿಪ್ಪೆಯಾಗಿ ಎದ್ದು ಬಂದವು. ಕೆಳಗೆ ಹೊಳೆಯುವ ತಗಡು, ಬೆರಳಿಗೆ ತುಸು ತೇವ.

ಪಕ್ಕದ ಹ್ಯಾಂಗರಿನವರು ಬಣ್ಣಕ್ಕೆ ಮೀನುಕಣ್ಣು ನಿವಾರಕ ಹನಿ ಬೆರೆಸಿದರೆ ಸಾಕು ಎನ್ನುತ್ತಾರೆ. ಶರತ್ಕಾಲದಲ್ಲಿ ವಿಮಾನದ ತಪಾಸಣೆ ಮಾಡಿಸಬೇಕೆಂದಿದ್ದೇನೆ. ಉಜ್ಜಿ ಮೇಲೊಂದು ಪದರ ಹೊಡೆದರೆ ಆದೀತೇ, ಅಥವಾ ಎಲ್ಲವನ್ನೂ ತಗಡಿನವರೆಗೆ ಕೆರೆಯಬೇಕೇ? ಬಲರೆಕ್ಕೆಗೆ ಕೈ ಹಚ್ಚುವ ಮೊದಲು ಅನುಭವಸ್ಥರ ಮಾತು ಕೇಳೋಣವೆಂದು ಬರೆದೆ.


ಉತ್ತರ
ಶೆಡ್ ನಂಬರ್ 4 (ಹುಬ್ಬಳ್ಳಿ)

ಗಾಳಿಪಟ ಅವರಿಗೆ ನಮಸ್ಕಾರ. ನಾನು ವಿಮಾನಕ್ಕೆ ಬಣ್ಣ ಹೊಡೆದವನಲ್ಲ. ಇಪ್ಪತ್ತೆರಡು ವರ್ಷಗಳಿಂದ ಕಾರು ಮತ್ತು ಬಸ್ಸುಗಳ ಡೆಂಟಿಂಗ್-ಪೇಂಟಿಂಗ್ ಮಾಡುತ್ತಿದ್ದೇನೆ. ರಿವೆಟ್ ಸುತ್ತಲಿನ ಗುಳ್ಳೆಯ ವಿಚಾರವನ್ನು ಬಲ್ಲವರಿಗೆ ಬಿಡುತ್ತೇನೆ. ಮೀನುಕಣ್ಣು ಮತ್ತು ಕಿತ್ತಳೆ ಸಿಪ್ಪೆ ಮಾತ್ರ ನಮ್ಮ ಶೆಡ್ಡಿನ ಹಳೆಯ ನೆಂಟರು.

ಮೀನುಕಣ್ಣು ಬಣ್ಣದ ದೋಷವಲ್ಲ, ಕೆಳಗಿನ ಮೈಯ ದೋಷ. ಸಿಲಿಕೋನ್ ಅಥವಾ ಎಣ್ಣೆಯ ಒಂದು ಕಣ ಕೂತಿದ್ದರೆ, ಅಲ್ಲಿಯ ಮೇಲ್ಮೈ ಎಳೆತ ಸುತ್ತಲಿನದಕ್ಕಿಂತ ಕಡಿಮೆಯಾಗಿ, ಹಸಿ ಬಣ್ಣ ಆ ಜಾಗ ಬಿಟ್ಟು ಅಂಚಿಗೆ ಸರಿಯುತ್ತದೆ. ನೀವು ಕಂಡ ದಿಂಡು ಅದೇ. ಬರುವ ದಾರಿ ಎರಡು: ಗಾಳಿಯ ಪೈಪು, ಇಲ್ಲವೇ ಒರೆಸಿದ ಬಟ್ಟೆ.

ಮೊದಲು ಗಾಳಿಯನ್ನು ಪರೀಕ್ಷಿಸಿ. ಗನ್ ಕಳಚಿ, ಪೈಪಿನ ಬಾಯಿಗೆ ಬಿಳಿ ಕಾಗದ ಹಿಡಿದು ಎರಡು ನಿಮಿಷ ಗಾಳಿ ಬಿಡಿ. ಆಮೇಲೆ ಕಾಗದವನ್ನು ಬೆಳಕಿಗೆ ಅಡ್ಡ ಹಿಡಿದರೆ ಎಣ್ಣೆ ಇದ್ದಲ್ಲಿ ಜಿಡ್ಡಿನ ಚುಕ್ಕೆ ಪಾರದರ್ಶಕವಾಗಿ ಕಾಣುತ್ತದೆ, ನೀರಾಗಿದ್ದರೆ ಆರಿ ಹೋಗುತ್ತದೆ. ನಿಮ್ಮ ಫಿಲ್ಟರ್ ಕಂಪ್ರೆಸರಿನ ಬಾಯಲ್ಲೇ ಇದೆ ಎಂದಿದ್ದೀರಿ, ಅದು ಅಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟ್ಯಾಂಕಿನಿಂದ ಹೊರಬೀಳುವ ಗಾಳಿ ಬಿಸಿ. ಬಿಸಿ ಗಾಳಿಯಲ್ಲಿ ನೀರು ಆವಿಯಾಗಿಯೇ ಫಿಲ್ಟರ್ ದಾಟಿ, ಮುಂದೆ ಪೈಪಿನಲ್ಲಿ ತಣಿದು ಹನಿಯಾಗಿ ಗನ್ನಿಗೆ ಬರುತ್ತದೆ. ಎಂಟು ಹತ್ತು ಮೀಟರ್ ಲೋಹದ ಪೈಪು ಎಳೆದು, ಗಾಳಿ ತಣಿದ ಮೇಲೆ ಫಿಲ್ಟರ್ ಕೂರಿಸಿ. ದಿನಕ್ಕೆ ಎರಡು ಸಲ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ನೀರು ಬಿಡಿ.

ಎರಡನೆಯದು ಬಟ್ಟೆ. ಯಾವ ಬಟ್ಟೆಯಲ್ಲಿ ಒರೆಸಿದಿರಿ ಎಂದು ನೀವು ಬರೆದಿಲ್ಲ. ಒಂದೇ ಬಟ್ಟೆಯಿಂದ ಒರೆಸಿದರೆ ಜಿಡ್ಡು ಹೋಗುವುದಿಲ್ಲ, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಊರು ಬದಲಿಸುತ್ತದೆ, ಅಷ್ಟೇ. ಅಸಿಟೋನ್ ಕೂಡ ಈ ಕೆಲಸಕ್ಕೆ ತೀರ ಅವಸರದ ದ್ರವ. ಜಿಡ್ಡನ್ನು ಕರಗಿಸಿ, ಬಟ್ಟೆಗೆ ಹತ್ತುವ ಮೊದಲೇ ತಾನು ಹಾರಿಹೋಗಿ, ಕರಗಿದ್ದನ್ನು ಅಲ್ಲೇ ಬಿಟ್ಟುಬಿಡುತ್ತದೆ. ನಿಧಾನವಾಗಿ ಆರುವ ವ್ಯಾಕ್ಸ್ ಮತ್ತು ಗ್ರೀಸ್ ರಿಮೂವರ್ ತೆಗೆದುಕೊಂಡು, ಎಡಗೈಯ ಬಟ್ಟೆಯಿಂದ ಹಸಿಯಾಗಿ ಹಚ್ಚುತ್ತ, ಅದು ಆರುವ ಮೊದಲೇ ಬಲಗೈಯ ಒಣಬಟ್ಟೆಯಿಂದ ಎತ್ತಿಕೊಳ್ಳಿ. ಅರ್ಧ ಚದರ ಮೀಟರಿಗೊಮ್ಮೆ ಬಟ್ಟೆಯ ಮಡಿಕೆ ಬದಲಿಸಿ.

ನಿಮ್ಮ ನೆರೆಯವರು ಹೇಳಿದ ಹನಿಯನ್ನು ನಾನು ಒಪ್ಪುವುದಿಲ್ಲ. ಅಂಥ ಹನಿಗಳು ಸಾಮಾನ್ಯವಾಗಿ ಸಿಲಿಕೋನೇ: ಇಡೀ ಬಣ್ಣವನ್ನು ಕೆಡಿಸಿ, ಕೆಟ್ಟ ಜಾಗದ ಸಮಕ್ಕೆ ತರುವ ಉಪಾಯ. ಒಂದು ಪದರಕ್ಕೆ ಬೆರೆಸಿದರೆ ಮೇಲಿನ ಪದರಗಳಿಗೂ ಬೆರೆಸಬೇಕು, ಗನ್ನಿನೊಳಗೂ ಅದು ಉಳಿಯುತ್ತದೆ, ನಾಳೆ ಬಲರೆಕ್ಕೆಗೂ ಬರುತ್ತದೆ. ಸಂಜೆಯೊಳಗೆ ಗಾಡಿ ಬೇಕೆಂದು ಗಿರಾಕಿ ಎದುರು ಕೂತಾಗ ನಾವೂ ಹಾಕಿದ್ದುಂಟು, ಸುಳ್ಳು ಹೇಳಬಾರದು. ಆದರೆ ನಿಮಗೆ ಅಂಥ ಗಿರಾಕಿ ಇಲ್ಲವಲ್ಲ.

ಇನ್ನು ಕಿತ್ತಳೆ ಸಿಪ್ಪೆ. ಬಣ್ಣದ ಹನಿಗಳು ತಗಡಿಗೆ ಬಿದ್ದ ಮೇಲೆ ಒಂದರೊಳಗೊಂದು ಹರಡಿ ಸಮವಾಗಲು ಸಮಯ ಬೇಕು. 33 ಡಿಗ್ರಿ ಬಿಸಿಯಲ್ಲಿ ಬೇಗ ಆರುವ ಥಿನ್ನರ್ ಹಾಕಿದರೆ ಹನಿಗಳು ಹರಡುವ ಮೊದಲೇ ಕಟ್ಟಿಕೊಳ್ಳುತ್ತವೆ. ಅದೇ ಕಂಪನಿಯ ನಿಧಾನದ ಥಿನ್ನರ್ ಬಳಸಿ. ಗನ್ನನ್ನು ತಗಡಿನಿಂದ 15ರಿಂದ 20 ಸೆಂ.ಮೀ. ದೂರದಲ್ಲಿ, ಮಣಿಕಟ್ಟು ತಿರುಗಿಸದೆ, ತೋಳಿನಿಂದ ಸಾಗಿಸಿ. ಪ್ರತಿ ಪಟ್ಟೆಯೂ ಹಿಂದಿನ ಪಟ್ಟೆಯ ಅರ್ಧವನ್ನು ಮುಚ್ಚಬೇಕು. ಒತ್ತಡವನ್ನು ಟ್ರಿಗರ್ ಒತ್ತಿ ಹಿಡಿದಾಗ ಓದಬೇಕು, ಬಿಟ್ಟಾಗ ಅಲ್ಲ. ಹಳೆಯ ಕಂಪ್ರೆಸರಿಗೆ ಎಚ್‌ವಿಎಲ್‌ಪಿ ಗನ್ ಕೇಳುವಷ್ಟು ಗಾಳಿ ಕೊಡಲು ಉಸಿರು ಸಾಲದೆ, ಅರ್ಧ ರೆಕ್ಕೆಯ ಹೊತ್ತಿಗೆ ಒತ್ತಡ ಇಳಿದಿರಲೂಬಹುದು. ಸಿಪ್ಪೆಯ ಮೇಲೆ ಇನ್ನೊಂದು ಪದರ ಹೊಡೆದರೆ ಅದು ದಪ್ಪ ಸಿಪ್ಪೆಯಾಗುತ್ತದೆ, ನೀವೇ ನೋಡಿದ್ದೀರಿ. ಪೂರ್ತಿ ಗಟ್ಟಿಯಾದ ಮೇಲೆ 1000, 1500, 2000 ನಂಬರಿನ ವಾಟರ್ ಪೇಪರ್ ಸಾಲಾಗಿ ಹಾಕಿ ಬಫಿಂಗ್ ಮಾಡಿದರೆ ಬಿಳಿಯಂಥ ಸಾದಾ ಬಣ್ಣ ಕನ್ನಡಿಯಾಗುತ್ತದೆ. ಮೆಟಾಲಿಕ್ ಬಣ್ಣಕ್ಕೆ ಮಾತ್ರ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲದಿದ್ದರೆ, ಈ ಆಟ ಬೇಡ.


ಉತ್ತರ
ಜಕ್ಕೂರು ಹಳಬ (ಬೆಂಗಳೂರು)

ಹುಬ್ಬಳ್ಳಿಯವರು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ನಾನು ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣದಲ್ಲಿ ವಿಮಾನಗಳ ನಿರ್ವಹಣೆಯ ಕೆಲಸದಲ್ಲಿದ್ದು ನಿವೃತ್ತನಾದವನು. ಎಚ್‌ಎಎಲ್ ತಯಾರಿಸಿದ ಪುಷ್ಪಕ್ ಎಂಬ ಸಣ್ಣ ವಿಮಾನಗಳ ಬಟ್ಟೆ ಹೊದಿಸಿದ ರೆಕ್ಕೆಗಳಿಗೆ ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಲೇಪ) ಬಳಿಯುವುದರಿಂದ ನನ್ನ ಕೆಲಸ ಆರಂಭವಾಯಿತು. ಮಳೆಗಾಲದಲ್ಲಿ ಆ ಡೋಪ್ ಹಾಲು ಚೆಲ್ಲಿದಂತೆ ಬೆಳ್ಳಗೆ ತಿರುಗುತ್ತಿತ್ತು. ದ್ರಾವಕ ಆವಿಯಾಗುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಇಳಿದು ಡೋಪಿನೊಳಗೆ ಸೇರುವುದೇ ಅದಕ್ಕೆ ಕಾರಣ. ಆಗ ನಮ್ಮ ಹಿರಿಯ ಮೇಸ್ತ್ರಿಯವರು ಯಾರನ್ನೂ ಬೈಯದೆ ಡಬ್ಬಿಗಳ ಮುಚ್ಚಳ ಹಾಕಿಸಿ, ಬಿಸಿಲು ಬರುವವರೆಗೆ ಚಹಾ ಕುಡಿಯಲು ಕಳುಹಿಸುತ್ತಿದ್ದರು. ನಿಮ್ಮ ಗುಳ್ಳೆಗಳನ್ನು ಓದಿದಾಗ ಅದು ನೆನಪಾಯಿತು, ಏಕೆಂದರೆ ಇಲ್ಲೂ ಆರೋಪಿ ನೀರೇ.

ಗುಳ್ಳೆಯನ್ನು ಒಡೆದು ಅದರ ತಳ ನೋಡಿದ್ದು ಒಳ್ಳೆಯದಾಯಿತು. ಪ್ರೈಮರ್ ತಗಡಿಗೆ ಅಂಟಿಯೇ ಇದ್ದು ಮೇಲಿನ ಬಣ್ಣ ಮಾತ್ರ ಎದ್ದಿದ್ದರೆ, ಪದರಗಳ ನಡುವೆ ಸಾಕಷ್ಟು ಹೊತ್ತು ಬಿಡದೆ ದ್ರಾವಕ ಸಿಕ್ಕಿಬಿದ್ದಿದೆ ಎನ್ನಬಹುದಿತ್ತು. ನಿಮ್ಮಲ್ಲಿ ಎರಡೂ ಒಟ್ಟಿಗೆ ಎದ್ದು, ಕೆಳಗೆ ಬರೀ ತಗಡು ಮತ್ತು ತೇವ ಕಂಡಿದೆ. ಸೋಪಿನ ನೀರಿನಲ್ಲಿ ತೊಳೆದ ದಿನವೇ ಸಂಜೆ ಪ್ರೈಮರ್ ಹೊಡೆದಿದ್ದೀರಿ. ತಗಡುಗಳ ಜೋಡಣೆಯ ನಡುವಿನ ಕೂದಲೆಳೆಯ ಸಂದಿಗೆ ಹೊಕ್ಕ ನೀರು ಬಟ್ಟೆಗೆ ಸಿಗುವುದಿಲ್ಲ. ಬಿಸಿಲಿಗೆ ತಂದಾಗ ಅದು ಆವಿಯಾಗಿ ಹೊರದಾರಿ ಹುಡುಕುತ್ತ, ರಿವೆಟ್ ತಲೆಯ ಅಂಚಿನಲ್ಲಿ ಪ್ರೈಮರನ್ನು ಎತ್ತಿದೆ. ಸಂಜೆಯ ಹೊತ್ತನ್ನು ಆರಿಸಿಕೊಂಡದ್ದೂ ಇದಕ್ಕೆ ಕೈಜೋಡಿಸಿರಬೇಕು. ಗಾಳಿ 30 ಡಿಗ್ರಿ, ತೇವಾಂಶ ಶೇ 80 ಇದ್ದರೆ ಇಬ್ಬನಿ ಕಟ್ಟುವ ಉಷ್ಣಾಂಶ ಸುಮಾರು 26 ಡಿಗ್ರಿ. ತಗಡಿನ ಉಷ್ಣಾಂಶ ಅದಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರದಿದ್ದರೆ ಗನ್ ಮುಟ್ಟಬಾರದು. ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ಗಾಳಿಯದನ್ನು ಹೇಳುತ್ತದೆ, ತಗಡಿನದನ್ನಲ್ಲ.

ಗುಳ್ಳೆಗಳು ಟ್ಯಾಂಕಿನ ಮೇಲೂ ಇದ್ದರೆ ಅವುಗಳ ಬಗ್ಗೆ ಪ್ರತ್ಯೇಕವಾಗಿ ಕೇಳುತ್ತೇನೆ: ಆ ಟ್ಯಾಂಕಿಗೆ ಒಮ್ಮೆಯಾದರೂ ಪೆಟ್ರೋಲ್ ತುಂಬಿದ್ದೀರಾ? ತುಂಬಿದ್ದರೆ, ಸೀಲ್ ಸರಿಯಾಗಿ ಕೂರದ ರಿವೆಟ್ ಮೂಲಕ ಇಂಧನ ಜಿನುಗಿಯೂ ಹೀಗೇ ಗುಳ್ಳೆ ಏಳುತ್ತದೆ. ಸಣ್ಣ ವಿಮಾನಗಳಿಗೆ ಹಾಕುವ 100 ಎಲ್‌ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಹಾಕಿರುತ್ತಾರೆ. ಗುಳ್ಳೆಯಡಿ ನೀಲಿ ಕಲೆ ಕಂಡರೆ ಬಣ್ಣದ ಮಾತು ಬಿಟ್ಟು ಟ್ಯಾಂಕಿನ ಮಾತು ಆಡಬೇಕು. ಅದು ತೀರ್ಮಾನವಾಗದೆ ಮರಳಿ ಬಣ್ಣ ಹೊಡೆಯಬೇಡಿ.

ಕೆರೆಯಬೇಕೇ ಎಂಬ ಪ್ರಶ್ನೆಗೆ ಉತ್ತರವನ್ನು ಟೇಪು ಹೇಳುತ್ತದೆ. ಗುಳ್ಳೆಯಿಲ್ಲದ, ಚೆನ್ನಾಗಿಯೇ ಕಾಣುವ ಜಾಗದಲ್ಲಿ ಚೂಪಾದ ಬ್ಲೇಡಿನಿಂದ ಬಣ್ಣ ಮಾತ್ರ ಕತ್ತರಿಸುವಷ್ಟು ಹಗುರವಾಗಿ ಉದ್ದ ಅಡ್ಡ ಗೆರೆ ಹಾಕಿ ಚೌಕಗಳನ್ನು ಮಾಡಿ. ಮೇಲೆ ಗಟ್ಟಿ ಅಂಟಿನ ಟೇಪು ಒತ್ತಿ, ಒಮ್ಮೆಲೇ ಕಿತ್ತು ನೋಡಿ. ಚೌಕಗಳು ನಿಂತರೆ ದೋಷ ಜೋಡಣೆಯ ಸಾಲಿಗಷ್ಟೇ ಸೀಮಿತ. ಅಲ್ಲಿ ಕೆರೆದು, ಅಂಚು ಸವರಿ, ಆ ತಗಡಿಗೆ ಮಾತ್ರ ಮತ್ತೆ ಬಣ್ಣ ಹೊಡೆಯಬಹುದು. ಚೌಕಗಳು ಟೇಪಿನೊಂದಿಗೆ ಎದ್ದು ಬಂದರೆ ಆ ರೆಕ್ಕೆಯ ಬಣ್ಣವನ್ನು ನಂಬುವಂತಿಲ್ಲ. ಬ್ಲೇಡಿನ ಗೆರೆ ತಗಡಿಗೆ ತಾಗಬಾರದೆಂಬುದನ್ನು ಒತ್ತಿ ಹೇಳುತ್ತೇನೆ. ವಿಮಾನದ ಹೊರತಗಡಿನ ಗೀರು ಮುಂದೆ ಬಿರುಕಿಗೆ ಬೀಜವಾಗುತ್ತದೆ.

ಕೆರೆಯುವಾಗ ಮರಳು ಕಾಗದದಿಂದ ತಗಡಿನವರೆಗೆ ಇಳಿಯಬೇಡಿ. ಆಲ್‌ಕ್ಲಾಡ್ ಎಂದರೆ ಗಟ್ಟಿ ಮಿಶ್ರಲೋಹದ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂ ಪದರ; ತುಕ್ಕನ್ನು ತಡೆಯುವುದು ಅದೇ. ತೆಳು ತಗಡಿನಲ್ಲಿ ಆ ಪದರ ಒಂದೊಂದು ಬದಿಗೆ ಒಟ್ಟು ದಪ್ಪದ ಶೇ 5ರಷ್ಟಿರುತ್ತದೆ. 0.032 ಇಂಚಿನ ತಗಡಿನಲ್ಲಿ ಅದು ಬರೀ 0.04 ಮಿ.ಮೀ. ರಿವೆಟ್ ತಲೆಯ ಮೇಲೆ ಯಂತ್ರ ಇಟ್ಟು ಎರಡು ಸುತ್ತು ತಿರುಗಿಸಿದರೆ ಮುಗಿಯಿತು. ಕಬ್ಬಿಣದ ಉಣ್ಣೆಯನ್ನಂತೂ ವಿಮಾನದ ಹತ್ತಿರವೇ ತರಬೇಡಿ. ಅದರ ಎಳೆಗಳು ಅಲ್ಯೂಮಿನಿಯಂನಲ್ಲಿ ಹುದುಗಿ ತುಕ್ಕಿಗೆ ದಾರಿ ಮಾಡುತ್ತವೆ. ಬಣ್ಣ ತೆಗೆಯುವ ರಾಸಾಯನಿಕವನ್ನೇ ಬಳಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಅಮೆರಿಕದಲ್ಲಿ ಮೆಥಿಲೀನ್ ಕ್ಲೋರೈಡ್ ಇರುವ ಸ್ಟ್ರಿಪ್ಪರುಗಳನ್ನು ಸಾರ್ವಜನಿಕರಿಗೆ ಮಾರುವುದನ್ನು 2019ರ ನಿಯಮದಲ್ಲಿ ನಿಷೇಧಿಸಿದ್ದಾರೆ, ಆದ್ದರಿಂದ ನಿಮಗೆ ಸಿಗುವುದು ಬೆಂಜೈಲ್ ಆಲ್ಕೊಹಾಲಿನಂಥ ನಿಧಾನದ ಸರಕು; ತಾಳ್ಮೆಯಿಂದ ಬಿಡಿ. ಅದು ಫೈಬರ್‌ಗ್ಲಾಸ್ ತುದಿಗಳಿಗೆ, ಕ್ಯಾನೊಪಿಯ (ಆಸನಗಳ ಮೇಲಿನ ಪಾರದರ್ಶಕ ಮುಚ್ಚಳದ) ಅಕ್ರಿಲಿಕ್‌ಗೆ ಮತ್ತು ಟ್ಯಾಂಕಿನ ಸೀಲಂಟ್ ಇಣುಕುವ ಅಂಚುಗಳಿಗೆ ತಾಗದಂತೆ ಮುಚ್ಚಬೇಕು.

ಮತ್ತೆ ಸಿದ್ಧಪಡಿಸುವಾಗ, ತೊಳೆದ ನೀರು ಒಡೆಯದೆ ತೆಳು ಹಾಳೆಯಂತೆ ತಗಡಿನ ಮೇಲೆ ನಿಲ್ಲುವವರೆಗೆ ಉಜ್ಜಿರಿ. ಕೆಸುವಿನ ಎಲೆಯ ಮೇಲಿನಂತೆ ನೀರು ಮಣಿಯಾಗಿ ಉರುಳಿದರೆ ಜಿಡ್ಡು ಇನ್ನೂ ಇದೆಯೆಂದೇ ಅರ್ಥ. ಆಸಿಡ್ ಎಚ್ (ಆಸಿಡ್‌ನಿಂದ ಮೈಯನ್ನು ತುಸು ಕೊರೆಯುವುದು) ಮತ್ತು ಅಲೋಡೈನ್ (ತುಕ್ಕು ತಡೆಯುವ ರಾಸಾಯನಿಕ ಲೇಪ) ಮಾಡುವುದು ಉತ್ತಮವೆಂದು ಪುಸ್ತಕ ಹೇಳುತ್ತದೆ, ಬಿಡಿ ಭಾಗಗಳಿಗೆ ನಾನೂ ಅದನ್ನೇ ಹೇಳುತ್ತೇನೆ. ರಿವೆಟ್ ಹೊಡೆದು ಮುಗಿದ ರೆಕ್ಕೆಗೆ ಮಾತ್ರ ಹಿಂಜರಿಯುತ್ತೇನೆ. ನೀರೇ ಹೊರಬರದ ಸಂದಿಯಿಂದ ಆಸಿಡ್ ಹೊರಬರುವುದೇ? ಚೆನ್ನಾಗಿ ಉಜ್ಜಿ, ತೊಳೆದು, ಎಣ್ಣೆಯಿಲ್ಲದ ಗಾಳಿಯನ್ನು ಪ್ರತಿ ಜೋಡಣೆಗೂ ಊದಿ, ಎರಡು ದಿನ ಬಿಸಿಲು ಕಾಣಿಸಿ, ಆಮೇಲೆ ದ್ರಾವಕದಿಂದ ಒರೆಸಿ ಪ್ರೈಮರ್ ಹೊಡೆಯಿರಿ.


ಉತ್ತರ
ಹಿಮ್ಮುಖ ರೆಕ್ಕೆ (ಓಹಾಯೋ)

ನಾನು ಮತ್ತು ನನ್ನ ಯಜಮಾನರು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝೀ ಕಟ್ಟಿ ಹಾರಿಸುತ್ತಿದ್ದೇವೆ. ಅದು ಫೋಮ್ ಮೇಲೆ ಫೈಬರ್‌ಗ್ಲಾಸ್ ಹೊದಿಸಿದ ವಿಮಾನವಾದ್ದರಿಂದ ತಗಡಿನ ವಿಚಾರದಲ್ಲಿ ಜಕ್ಕೂರಿನ ಹಿರಿಯರ ಮುಂದೆ ನಾನು ಬಾಯಿ ತೆರೆಯುವುದಿಲ್ಲ. ಯಾರೂ ಕೇಳದ ಒಂದು ಪ್ರಶ್ನೆಯಿಂದ ಆರಂಭಿಸುತ್ತೇನೆ: ಗಾಳಿಪಟ ಅವರೇ, ಬಣ್ಣ ಹೊಡೆಯುವಾಗ ಮುಖಕ್ಕೆ ಏನು ಹಾಕಿಕೊಂಡಿದ್ದಿರಿ?

ಎರಡು ಪ್ಯಾಕ್‌ನ ಪಾಲಿಯುರಿಥೇನಿನ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಮೂಗಿಗೆ ವಾಸನೆ ತಿಳಿಯುವ ಹೊತ್ತಿಗೆ ಸುರಕ್ಷಿತ ಮಿತಿ ದಾಟಿರುತ್ತದೆ, ಆದ್ದರಿಂದ ಕಾರ್ಟ್ರಿಜ್ ಮಾಸ್ಕ್ ಯಾವಾಗ ಸೋತಿತೆಂದು ಹಾಕಿಕೊಂಡವರಿಗೆ ತಿಳಿಯುವುದೇ ಇಲ್ಲ. ಒಮ್ಮೆ ದೇಹ ಅದಕ್ಕೆ ಒಗ್ಗದೆ ಕೆರಳಿದರೆ, ಆಮೇಲೆ ಕೊಂಚ ತಗುಲಿದರೂ ಉಬ್ಬಸ ಬರುತ್ತದೆ, ಅದು ಜೀವನಪರ್ಯಂತ ಉಳಿಯಬಹುದು. ಹೊರಗಿನ ಶುದ್ಧ ಗಾಳಿಯನ್ನು ಪಂಪಿನಿಂದ ಮುಖವಾಡಕ್ಕೆ ತರುವ ವ್ಯವಸ್ಥೆ ಬೇಕು, ಮೈಕೈ ಪೂರ್ತಿ ಮುಚ್ಚಿರಬೇಕು. ಬಾಡಿಗೆಗೂ ಸಿಗುತ್ತದೆ, ಬಲರೆಕ್ಕೆಗೆ ಮೊದಲು ಅದನ್ನು ತನ್ನಿ.

ಎರಡನೆಯದು ಎಲಿವೇಟರ್. ಇಲ್ಲಿಯವರೆಗೆ ಅಂದಚೆಂದದ ಮಾತಾಯಿತು, ಇದು ಜೀವದ ಮಾತು. ನೀವು ಎಲಿವೇಟರಿಗೆ ಪ್ರೈಮರ್ ಬಿಟ್ಟು ನಾಲ್ಕು ಪದರದಷ್ಟು ಬಣ್ಣ ಹೇರಿದ್ದೀರಿ. ಎಲಿವೇಟರಿನ ಹೆಚ್ಚಿನ ಮೈ ಹಿಂಜಿನ ಹಿಂದೆಯೇ ಇರುವುದರಿಂದ ಬಣ್ಣದ ತೂಕ ಹೆಚ್ಚುಪಾಲು ಅಲ್ಲೇ ಸೇರುತ್ತದೆ. ಮುಂದೆ ಸೀಸದ ತುಂಡು ಹಾಕಿ ತಂದಿದ್ದ ಸಮತೋಲ ತಪ್ಪುತ್ತದೆ. ಹಿಂಭಾರವಾದ ನಿಯಂತ್ರಣ ಫಲಕ ವೇಗ ಏರಿದಾಗ ತಾನೇ ತಾನಾಗಿ ಬಡಿದುಕೊಳ್ಳತೊಡಗಬಹುದು. ಅದಕ್ಕೆ ಫ್ಲಟರ್ ಎನ್ನುತ್ತಾರೆ. ಫಲಕ ಕಿತ್ತುಹೋಗಲು ಕೆಲವೇ ಕ್ಷಣ ಸಾಕು. ಎಲಿವೇಟರನ್ನು ಬಿಚ್ಚಿ, ಹಿಂಜಿನ ರೇಖೆಯ ಮೇಲೆ ಸಡಿಲವಾಗಿ ತೂಗಿಸಿ, ನಿಮ್ಮ ನಕ್ಷೆಯ ಸೂಚನೆಯಂತೆ ಮತ್ತೆ ಪರೀಕ್ಷಿಸಿ. ಹಿಂಭಾರ ಕಂಡರೆ ಸೀಸ ಸೇರಿಸುವುದಕ್ಕಿಂತ ಆ ದಪ್ಪ ಬಣ್ಣವನ್ನು ಇಳಿಸುವುದೇ ಮೇಲು.

ತೂಕದ ಮಾತು ಬಂದಿತೆಂದು ಹೇಳುತ್ತೇನೆ: 1981ರಲ್ಲಿ ಹಾರಿದ ಮೊದಲ ಎರಡು ಬಾಹ್ಯಾಕಾಶ ಷಟಲ್ ಯಾನಗಳಲ್ಲಿ ಹೊರಗಿನ ದೊಡ್ಡ ಇಂಧನ ಟ್ಯಾಂಕಿಗೆ ಬಿಳಿ ಬಣ್ಣವಿತ್ತು, 1982ರ ಮಾರ್ಚಿನ ಮೂರನೆಯ ಯಾನದಿಂದ ಅದನ್ನು ಕೈಬಿಟ್ಟು ಸುಮಾರು 270 ಕೆ.ಜಿ. ಉಳಿಸಿದರು. ಆ ಟ್ಯಾಂಕು ಆಮೇಲೆ ಕಿತ್ತಳೆ ಬಣ್ಣದಲ್ಲೇ ಕಾಣಿಸಿಕೊಂಡದ್ದು ಅದಕ್ಕೇ. ನಿಮ್ಮಂಥ ವಿಮಾನಕ್ಕೆ ಬಣ್ಣ ಹತ್ತು ಕೆ.ಜಿ. ಆಸುಪಾಸು ಸೇರಿಸುತ್ತದೆ. ಬಣ್ಣ ಮುಗಿದ ಮೇಲೆ ಇಡೀ ವಿಮಾನವನ್ನು ಮತ್ತೆ ತೂಗಿ ಭಾರಕೇಂದ್ರ ಲೆಕ್ಕ ಹಾಕಬೇಕು.

ಕೌಲಿಂಗಿನ ರಂಧ್ರ ನನ್ನ ಸ್ವಂತ ಹೊಲದ ಕಳೆ. ಅವು ಬಣ್ಣದಿಂದ ಬಂದವಲ್ಲ, ಫೈಬರ್‌ಗ್ಲಾಸಿನ ನೇಯ್ಗೆಯಲ್ಲೇ ಇದ್ದವು. ಪ್ರೈಮರ್ ಅವುಗಳ ಬಾಯಿಗೆ ಸೇತುವೆ ಕಟ್ಟುತ್ತದೆ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಸೇತುವೆ ಒಡೆಯುತ್ತದೆ. ಎಷ್ಟು ಪದರ ಹೊಡೆದರೂ ಇದೇ ಕಥೆ. ಆ ಜಾಗವನ್ನು ಉಜ್ಜಿ, ತೆಳುವಾದ ಎಪಾಕ್ಸಿ ರಾಳವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ರಂಧ್ರಗಳೊಳಗೆ ಒತ್ತಿ ಎಳೆಯಿರಿ. ಗಟ್ಟಿಯಾದ ಮೇಲೆ ಉಜ್ಜಿ ಮತ್ತೆ ಎಳೆಯಿರಿ. ಬೆಳಕನ್ನು ಓರೆಯಾಗಿ ಹಿಡಿದಾಗ ಒಂದೂ ಕಾಣದಾದ ಮೇಲೆ ಪ್ರೈಮರ್. ನೀಲಿ ಕಪ್ಪು ಗಾಢ ಬಣ್ಣಗಳ ಆಸೆಯಿದ್ದರೆ ಫೈಬರ್‌ಗ್ಲಾಸ್ ಮೇಲೆ ತೀರಿಸಿಕೊಳ್ಳಬೇಡಿ. ನಮ್ಮ ವಿಮಾನ ಬಿಳಿಯಾಗಿರುವುದು ಸೊಗಸಿಗಲ್ಲ, ಕೋಣೆಯ ಉಷ್ಣಾಂಶದಲ್ಲಿ ಗಟ್ಟಿಯಾದ ಎಪಾಕ್ಸಿ ಬಿಸಿಲಿಗೆ ಕಾದು ಮೆತ್ತಗಾಗಬಾರದೆಂದು.

ಕೊನೆಯದಾಗಿ ನನ್ನ ಅಭಿಪ್ರಾಯ, ಒಪ್ಪಲೇಬೇಕೆಂದಿಲ್ಲ: ಬಲರೆಕ್ಕೆಯನ್ನು ಹಾಗೇ ಬಿಡಿ. ಆಲ್‌ಕ್ಲಾಡ್ ತಗಡಿಗೆ ಬಣ್ಣವಿಲ್ಲದಿದ್ದರೂ ಒಂದು ವರ್ಷ ಏನೂ ಆಗುವುದಿಲ್ಲ. ತಪಾಸಣೆ ಮಾಡಿಸಿ, ಮೊದಲ ಹಂತದ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟ ಮುಗಿಸಿ, ಏನಾದರೂ ಬಿಚ್ಚಿ ಬದಲಿಸುವುದಿದ್ದರೆ ಬದಲಿಸಿ, ನಂತರ ಬಣ್ಣಕ್ಕೆ ಬನ್ನಿ. ನೋಂದಣಿ ಸಂಖ್ಯೆಯನ್ನು ವಿನೈಲ್ ಅಂಟಿಸಿಯೂ ಹಾಕಬಹುದು. ಗರಿಷ್ಠ ಕ್ರೂಸ್ ವೇಗ 180 ನಾಟ್ ಮೀರದ ಎಕ್ಸ್‌ಪೆರಿಮೆಂಟಲ್ (ನಮ್ಮಂತೆ ಸ್ವತಃ ಕಟ್ಟಿದವುಗಳೂ ಸೇರುವ ವರ್ಗದ) ವಿಮಾನಕ್ಕೆ 3 ಇಂಚಿನ ಅಕ್ಷರ ಸಾಕು, ಮೀರಿದರೆ 12 ಇಂಚು. ಬಣ್ಣ ಹೊಡೆಯುವಾಗ ವಿಮಾನದ ಮೈಯ ಪಕ್ಕದಲ್ಲಿ ಹೊರಗಿನ ಗಾಳಿಯ ಒತ್ತಡವನ್ನು ಮಾಪಕಗಳಿಗೆ ಒಯ್ಯುವ ಸ್ಟ್ಯಾಟಿಕ್ ರಂಧ್ರಗಳನ್ನು ಮುಚ್ಚಿ, ಮುಗಿದ ಮೇಲೆ ಮರೆಯದೆ ತೆರೆಯಿರಿ. ಅಲ್ಲಿ ಬಣ್ಣದ ದಿಂಡು ಉಳಿದರೂ ವೇಗ ಮತ್ತು ಎತ್ತರದ ಮಾಪಕಗಳು ತಪ್ಪು ಹೇಳುತ್ತವೆ.


ಉತ್ತರ
ಜಕ್ಕೂರು ಹಳಬ (ಬೆಂಗಳೂರು)

ಮೇಡಂ ಅವರ ಮಾತಿನಲ್ಲಿ ಸಮತೋಲದ ವಿಚಾರ ನಾನೇ ಮೊದಲು ಹೇಳಬೇಕಿತ್ತು; ಗುಳ್ಳೆಯ ಹಿಂದೆ ಬಿದ್ದು ಮರೆತೆ. ಆದರೆ ಹಾರಿಸಿ ಆಮೇಲೆ ಬಣ್ಣ ಹೊಡೆಯುವ ಸಲಹೆಗೆ ಅರ್ಧ ಮಾತ್ರ ಒಪ್ಪಿಗೆ. ನಲವತ್ತು ಗಂಟೆ ಹಾರಿದ ವಿಮಾನದ ಹೊಟ್ಟೆಯಡಿ ಎಂಜಿನ್ ಎಣ್ಣೆ ಪ್ರತಿ ರಿವೆಟ್‌ನ ಸುತ್ತಲೂ ಹೊಕ್ಕಿರುತ್ತದೆ, ಅದನ್ನು ತೆಗೆಯುವುದು ಹೊಸ ತಗಡನ್ನು ತೊಳೆದಷ್ಟು ಸುಲಭವಲ್ಲ. ಹಾರಿಸುವುದಾದರೆ ಪ್ರತಿ ಹಾರಾಟದ ನಂತರ ಹೊಟ್ಟೆ ಒರೆಸುವ ಶಿಸ್ತು ಇರಲಿ. ಕೌಲಿಂಗನ್ನು ಬರಿಮೈಯಲ್ಲಿ ಬಿಡಬೇಡಿ, ಬಿಸಿಲು ರಾಳವನ್ನು ಕೆಡಿಸುತ್ತದೆ, ಪ್ರೈಮರನ್ನಾದರೂ ಹೊಡೆಯಿರಿ.


ಪ್ರಶ್ನೆ ಕೇಳಿದವರಿಂದ
ಗಾಳಿಪಟ (ಆಸ್ಟಿನ್ ಹತ್ತಿರ, ಟೆಕ್ಸಾಸ್)

ಮೂವರಿಗೂ ಕೃತಜ್ಞತೆ. ಎರಡು ವಾರಾಂತ್ಯ ಕಳೆದು ವರದಿ ಒಪ್ಪಿಸುತ್ತಿದ್ದೇನೆ.

ಬಿಳಿ ಕಾಗದದ ಪರೀಕ್ಷೆಯಲ್ಲಿ ನೀರಿನ ಹನಿಗಳು ಧಾರಾಳವಾಗಿ ಬಂದವು, ಎಣ್ಣೆಯ ಕಲೆ ಬರಲಿಲ್ಲ. ಹಾಗಾದರೆ ಮೀನುಕಣ್ಣಿಗೆ ಜಿಡ್ಡು ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಿದ್ದಾಗ, ಹುಬ್ಬಳ್ಳಿಯವರು ಬಟ್ಟೆ ಯಾವುದೆಂದು ಕೇಳಿದ್ದು ನೆನಪಾಗಿ ಮನೆಯಲ್ಲಿ ವಿಚಾರಿಸಿದೆ. ನಾನು ಒರೆಸಿದ್ದು ಹಳೆಯ ಬನಿಯನ್‌ಗಳಿಂದ. ಅವುಗಳನ್ನು ಒಗೆದದ್ದು ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ಸಾಫ್ಟನರ್‌ನಲ್ಲಿ. ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸಿಲಿಕೋನಿನ ಹೆಸರು ಇತ್ತು. ನಂಬಿಕೆ ಸಾಲದೆ, ಒಂದು ಉಳಿಕೆ ತಗಡನ್ನು ಅರ್ಧ ಬನಿಯನ್ನಿಂದಲೂ ಅರ್ಧ ಅಂಗಡಿಯ ಹೊಸ ಒರೆಸುವ ಹಾಳೆಯಿಂದಲೂ ಒರೆಸಿ, ಒಂದೇ ಕೈಯಲ್ಲಿ ಬಣ್ಣ ಹೊಡೆದೆ. ಬನಿಯನ್ ಕಡೆ ಎಣಿಸಿದರೆ ಮೂವತ್ತೊಂದು ಕಣ್ಣು, ಹಾಳೆಯ ಕಡೆ ಒಂದೂ ಇಲ್ಲ. ಟ್ಯಾಂಕಿನ ಮೇಲೆ ಹೆಚ್ಚು ಕಂಡದ್ದೇಕೆಂದರೆ, ಅಲ್ಲಿ ಸೀಲಂಟಿನ ಬೆರಳಚ್ಚು ಹೋಗಲೆಂದು ನಾಲ್ಕೈದು ಸಲ ಒರೆಸಿದ್ದೆ, ಒರೆಸಿದಷ್ಟೂ ಮೆತ್ತಿದ್ದೇನೆ.

ಟ್ಯಾಂಕಿಗೆ ಇನ್ನೂ ಪೆಟ್ರೋಲ್ ಹಾಕಿಲ್ಲ, ಬಲೂನು ಕಟ್ಟಿ ಗಾಳಿ ತುಂಬಿ ಎರಡು ದಿನ ಇಟ್ಟಾಗ ಸೋರಿಕೆ ಕಂಡಿರಲಿಲ್ಲ. ಟೇಪಿನ ಪರೀಕ್ಷೆಯಲ್ಲಿ ಬಾಲದ ಭಾಗಗಳ ಚೌಕಗಳು ನಿಂತವು. ಎಡರೆಕ್ಕೆಯದು ಮೇಲ್ಮೈಯ ಮೂರು ಕಡೆ ಮಾಡಿದೆ. ಎರಡು ಕಡೆ ಪ್ರೈಮರ್ ಸಮೇತ ಎದ್ದು ಬಂತು. ಆದ್ದರಿಂದ ಎಡರೆಕ್ಕೆಯ ಮೇಲ್ಮೈಯನ್ನು ಪೂರ್ತಿ ಕೆರೆಯುತ್ತಿದ್ದೇನೆ. ಸ್ಟ್ರಿಪ್ಪರ್ ಹಚ್ಚಿ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಬಿಟ್ಟರೆ, ಬೆಳಿಗ್ಗೆ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಎದ್ದಿರುತ್ತದೆ. ಎಂಥ ಅಂಟದ ಬಣ್ಣವೆಂದರೆ, ಕೆಲವು ಕಡೆ ಸ್ಟ್ರಿಪ್ಪರ್ ತಾಗದಿದ್ದರೂ ಅಂಗೈಯಗಲದ ಸಿಪ್ಪೆ ಬಂತು.

ಎಲಿವೇಟರ್ ತೂಗಿದಾಗ ಎರಡೂ ಹಿಂಭಾರ. ಮೊದಲು ಸೀಸದ ತುದಿ ಕೆಳಗಿಳಿದು ನಿಲ್ಲುತ್ತಿತ್ತು, ಈಗ ಹಿಂದಿನ ಅಂಚು ಇಳಿಯುತ್ತದೆ. ನನಗೆ ಮೈ ಜುಮ್ಮೆಂದಿತು. ಅವುಗಳ ಮೇಲಿನ ಪದರಗಳನ್ನು 400 ನಂಬರಿನ ವಾಟರ್ ಪೇಪರಿನಿಂದ ಪ್ರೈಮರಿನ ಹತ್ತಿರದವರೆಗೆ ಇಳಿಸುತ್ತಿದ್ದೇನೆ, ರಿವೆಟ್ ತಲೆಗಳ ಮೇಲೆ ಬರೀ ಬೆರಳಿನಿಂದ. ಮುಖವಾಡದ ಬಗ್ಗೆ ಕೇಳಿದ್ದಕ್ಕೆ ಉತ್ತರ ಹೇಳಲು ನಾಚಿಕೆಯಾಗುತ್ತದೆ: ಕಾರ್ಟ್ರಿಜ್ ಮಾಸ್ಕ್, ಅದೂ ಗಡ್ಡದ ಮೇಲೆ. ಗಾಳಿ ತರುವ ಮುಖವಾಡ ಬಾಡಿಗೆಗೆ ಸಿಕ್ಕಿದೆ, ಗಡ್ಡ ಹೋಗಿದೆ. ಮಗಳು ಎರಡು ದಿನ ಹತ್ತಿರ ಬರಲಿಲ್ಲ.

ಬಲರೆಕ್ಕೆಯನ್ನು ತಗಡಾಗಿಯೇ ಬಿಟ್ಟು ಹಾರಿಸಲು ತೀರ್ಮಾನಿಸಿದ್ದೇನೆ. ಎಡರೆಕ್ಕೆಯ ಕೆಳಮೈ ಮತ್ತು ಬಾಲ ಬಿಳಿ, ಉಳಿದದ್ದೆಲ್ಲ ಬೆಳ್ಳಿ, ಮೂತಿಗೆ ಬೂದು ಪ್ರೈಮರ್. ನೋಡಲು ಗುಜರಿಯಿಂದ ತಂದಂತೆ ಇರುತ್ತದೆ.


ಉತ್ತರ
ಶೆಡ್ ನಂಬರ್ 4 (ಹುಬ್ಬಳ್ಳಿ)

ಬನಿಯನ್ ಕಥೆಯನ್ನು ಓದಿ ನಮ್ಮ ಹುಡುಗರಿಗೆ ಜೋರಾಗಿ ಓದಿ ಹೇಳಿದೆ. ಒಂದು ಸಣ್ಣ ಮಾತು ಉಳಿದಿದೆ: ಆ ಬಟ್ಟೆಗಳಿಂದ ಗನ್ನಿಗೆ ಬಣ್ಣ ತುಂಬುವ ಬಟ್ಟಲು, ಬಣ್ಣ ಕಲಸುವ ಡಬ್ಬಿ ಇವುಗಳನ್ನೂ ಒರೆಸಿದ್ದರೆ ಅವುಗಳನ್ನೂ ಬಿಚ್ಚಿ ದ್ರಾವಕದಲ್ಲಿ ತೊಳೆಯಿರಿ. ಎಡರೆಕ್ಕೆಗೆ ಮತ್ತೆ ಪ್ರೈಮರ್ ಹೊಡೆಯುವ ಮೊದಲು, ನೀವು ಮಾಡಿದಂತೆಯೇ ಒಂದು ಉಳಿಕೆ ತಗಡಿನ ಮೇಲೆ ಅದೇ ಗನ್ನಿನಿಂದ ಒಂದು ಪಟ್ಟೆ ಎಳೆದು, ಹತ್ತು ನಿಮಿಷ ನೋಡಿ, ಕಣ್ಣು ತೆರೆಯದಿದ್ದರೆ ಮುಂದುವರಿಯಿರಿ.